ಪೊರೆ ಬಲಿಯುವ ತನಕ

ಕಾಯುವ ಕೆಲಸ ನನಗೆ ಆಗಿಬರುವುದಿಲ್ಲ. ಬಸ್ಸು ತಡವಾದರೆ ಮುಂದಿನ ನಿಲ್ದಾಣದವರೆಗೆ ನಡೆದೇಬಿಡುವ ಸ್ವಭಾವ. ಅಂಥವನಿಗೆ ರಾಣೆಬೆನ್ನೂರಿನ ಕಣ್ಣಿನ ಡಾಕ್ಟರು, “ಎರಡೂ ಕಣ್ಣಿಗೆ ಪೊರಿ ಬಂದೈತ್ರಿ. ಇನ್ನೂ ಬಲೀಬೇಕು, ಆಮ್ಯಾಲೆ ತಗಿಯೂಣು” ಎಂದರು. ಬಲಿತದ್ದು ತಿಳಿಯುವುದು ಹೇಗೆಂದು ಕೇಳಿದರೆ, “ಅದು ನಿಮಗಽ ತಿಳೀತೈತಿ” ಎಂದು ಮುಂದಿನ ರೋಗಿಯನ್ನು ಕರೆದರು.

ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ಖರೀದಿ ಮಾಡುವವನು ನಾನು. ಕಾಯಿ ಒಣಗಿದೆಯೋ ಇಲ್ಲವೋ ಎಂಬುದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜದ ಸಪ್ಪಳ ಕೇಳಿ ಹೇಳಬಲ್ಲೆ. ಕಣ್ಣನ್ನು ಹಾಗೆ ಅಲ್ಲಾಡಿಸಿ ನೋಡುವಂತಿರಲಿಲ್ಲ. ನಮ್ಮ ಪೇಟೆಯಲ್ಲಿ ಬಣ್ಣ ನೋಡಿಯೇ ದರ. ಕಣ್ಣು ಮಂಜಾಯಿತೆಂದು ಸುದ್ದಿಯಾದರೆ ಅಂಗಡಿಗೆ ಯಾರು ಬರುತ್ತಾರೆಂಬ ಹೆದರಿಕೆ. ಹೆಂಡತಿಯ ಹೊರತು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬೆಳಗಾದರೆ ಒಂದೊಂದೇ ಕಣ್ಣು ಮುಚ್ಚಿ ಎದುರಂಗಡಿಯ ಬೋರ್ಡು ಓದುವುದು, ಸಮಾಧಾನವಾಗದೆ ಮಧ್ಯಾಹ್ನ ಮತ್ತೆ ಓದುವುದು. ಬೋರ್ಡು ಬಾಯಿಪಾಠವಿದ್ದುದರಿಂದ ಎರಡೂ ಕಣ್ಣು ಪಾಸಾಗುತ್ತಿದ್ದವು. ಮೇಲಾಗಿ ಆ ಸುಗ್ಗಿಯಲ್ಲಿ ನನ್ನ ಅಂಗಡಿಯ ಮುಂದೆ ಹಿಂದೆಂದೂ ಇಲ್ಲದಷ್ಟು ಚೀಲ ಇಳಿದವು. ನನ್ನ ನೋಟಕ್ಕೆ ಇನ್ನೂ ಬೆಲೆಯಿದೆ ಎಂದು ಒಳಗೊಳಗೇ ಬೀಗಿದೆ.

ಕಡೆಗೆ ಗುಟ್ಟು ಒಡೆದದ್ದು ಧೋತರ. ಹಾವೇರಿಯ ಮದುವೆಗೆಂದು ತೆಗೆದಿಟ್ಟ ಧೋತರ ಹಳದಿಯಾಗಿ ಕಂಡಿತು. ಸರಿಯಾಗಿ ಒಗೆದಿಲ್ಲವೆಂದು ಹೆಂಡತಿಯ ಮೇಲೆ ರೇಗಿ, ನಾನೇ ನೀಲಿ ಹಾಕಿ ಹಾಕಿ ಅದ್ದಿ, ಬೆಳ್ಳಗಾಯಿತೆಂದು ಮರುದಿನ ಉಟ್ಟು ಹೋದೆ. ಮದುವೆಮನೆಯಲ್ಲಿ ಬೀಗರೊಬ್ಬರು, “ಏನ್ರಿ, ಆಕಾಶಾನಽ ಉಟ್ಗೊಂಡು ಬಂದೀರಿ” ಎಂದರು. ಊಟದ ಪಂಕ್ತಿಯಲ್ಲೇ ಹೆಂಡತಿ ತೀರ್ಪು ಕೊಟ್ಟಳು: “ಬಲಿತೈತಿ. ನಾಳೆ ರಾಣೆಬೆನ್ನೂರಿಗೆ ನಡೀರಿ.”

ಬಲಗಣ್ಣಿನ ಪೊರೆ ತೆಗೆದರು. ದಪ್ಪ ಕನ್ನಡಕ ಏರಿಸಿಕೊಂಡು ಅಂಗಡಿಗೆ ಬಂದ ದಿನವೇ, ಕದರಮಂಡಲಗಿಯ ಹಳೆಯ ರೈತ ಬಸಪ್ಪ ಚೀಲ ಬಿಚ್ಚಿದ. ಕಾಯಿಯ ಮೇಲೆಲ್ಲ ಬಿಳಿ ಚುಕ್ಕಿ.

“ಇದೇನೋ ಬಸಪ್ಪ, ಇಂಥಾ ಮಾಲು ಎಂದೂ ತಂದಾಂವಲ್ಲ ನೀ” ಎಂದೆ.

“ಸುಗ್ಗಿ ತುಂಬಾ ಇದನ್ನಽ ತಂದೇನ್ರಿ ಸಾಹುಕಾರ್ರ. ಕೆಂಪಗ ಐತಿ ಅಂತ ನೀವಽ ಹೊಗಳಿ ತಗೊಂಡ್ರಿ. ನಿಮ್ಮ ಕಣ್ಣಿಂದು ಪೇಟ್ಯಾಗ ಎಲ್ಲಾರಿಗೂ ಗೊತ್ತೈತಿ.” ಸ್ವಲ್ಪವೂ ಅಳುಕಲಿಲ್ಲ. ಆಮೇಲೆ ದನಿ ತಗ್ಗಿಸಿ, “ಇನ್ನೊಂದು ಕಣ್ಣು ಸದ್ಯಕ್ಕ ಹಂಗಽ ಇರಲಿ ಬಿಡ್ರಿ” ಎಂದ.

ನಾಚಿಕೆಯಿಂದ ನೆಲ ನೋಡಿದೆ. ನೆಲವೂ ಎಂದಿಲ್ಲದಷ್ಟು ಸ್ಪಷ್ಟವಾಗಿ ಕಂಡಿತು. ಮರುವಾರ ಬಸಪ್ಪನ ಚೀಲಗಳು ಪಕ್ಕದ ಅಂಗಡಿಯ ಮುಂದೆ ಇಳಿದವು. ಅಲ್ಲಿಯ ಸಾಹುಕಾರರು ಈಚೆಗೆ ಕನ್ನಡಕವನ್ನು ಪದೇ ಪದೇ ಒರೆಸಿಕೊಳ್ಳುತ್ತಾರೆ. ಹೋಗಿ ಎಚ್ಚರಿಸಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಆದರೆ ಅವರ ಅಂಗಡಿಯ ಗದ್ದಲ ಕಂಡೊಡನೆ ಹೊಟ್ಟೆಕಿಚ್ಚಾಗಿ ಹಿಂದಿರುಗಿಬಿಡುತ್ತೇನೆ.