ಬೀಗರ ಮುಂದೆ ಜ್ವಾಲಾಮುಖಿ

ಮದುವೆಮನೆಯಲ್ಲಿ ಡಾಕ್ಟರನ್ನು ಕಂಡವರು ಮೊಣಕಾಲು ತೋರಿಸುತ್ತಾರೆ, ವಕೀಲರನ್ನು ಕಂಡವರು ಪಕ್ಕದ ಹೊಲದವನ ಬದುವಿನ ಕಥೆ ತೆಗೆಯುತ್ತಾರೆ. ಭೂವಿಜ್ಞಾನಿಯನ್ನು ಕಂಡವರು ಮಾತ್ರ “ಊಟ ಆತೇನ್ರಿ?” ಎಂದು ಕೇಳಿ ಮುಂದೆ ಹೋಗುತ್ತಾರೆ. ಹೆಚ್ಚೆಂದರೆ, “ಬಾವಿ ತೋಡಿದ್ರ ನೀರು ಬೀಳ್ತದೇನ್ರಿ?” ಎಂದಾರು. ನಾನು ಓದಿದ್ದು ನೀರನ್ನಲ್ಲ, ಬೆಂಕಿಯನ್ನು. ಯಾರೂ ಕೇಳದೆ ವರ್ಷಗಟ್ಟಲೆ ಒಳಗೇ ಉಳಿದ ವಿದ್ಯೆ, ಅಪ್ಪಿತಪ್ಪಿ ಒಬ್ಬರು ಕೇಳಿದ ದಿನ ಹೇಗೆ ಹೊರಬಿತ್ತು ಎಂಬುದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ರಾಯಚೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ರಜೆ ಬಂದರೆ ಸುತ್ತಿಗೆ, ಚೀಲ ಹಿಡಿದು ಮಾನ್ವಿ, ದೇವದುರ್ಗದ ಕಡೆಗೆ ಬಸ್ಸು ಹತ್ತುತ್ತಿದ್ದೆ. ಅಲ್ಲಿನ ಕೆಲವು ಕರಿಕಲ್ಲುಗಳು ನೂರಾರು ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ. ಆ ಜ್ವಾಲಾಮುಖಿಗಳ ಬುಡದಲ್ಲಿ ಕರಗಿದ ಕಲ್ಲು ತುಂಬಿಕೊಂಡಿದ್ದ ಕೋಣೆ ಎಲ್ಲಿತ್ತು, ಎಷ್ಟು ಆಳದಲ್ಲಿತ್ತು ಎಂಬುದೇ ನನ್ನ ಸಂಶೋಧನೆ. ತುಂಬಿದ ಚೀಲ ಹೊತ್ತು ಮರಳುವಾಗ ಕಂಡಕ್ಟರು, “ರಾಯಚೂರಾಗ ಕಲ್ಲಿಗೆ ಬರ ಬಂದದೇನ್ರಿ ಸರ?” ಎನ್ನುತ್ತಿದ್ದ. ಮನೆಯಲ್ಲಿ ಮಂಚದ ಕೆಳಗೆಲ್ಲ ಕಲ್ಲು. ಹೆಂಡತಿ ನೀಲಮ್ಮ ಅವುಗಳಲ್ಲೊಂದನ್ನು ಎತ್ತಿ ಉಪ್ಪಿನಕಾಯಿ ಜಾಡಿಯ ಮೇಲೆ ಹೇರಿದ್ದಳು. ನನ್ನ ಸಂಶೋಧನೆ ಮನೆಗೆ ಉಪಯೋಗಕ್ಕೆ ಬಂದದ್ದು ಅಷ್ಟೇ.

ನೀಲಮ್ಮನ ತವರು ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ. ಅವಳ ತಂಗಿ ಗಿರಿಜಾಳನ್ನು ನೋಡಲು ಮಾನ್ವಿಯಿಂದ ಅಕ್ಕಿ ಗಿರಣಿಯವರು ಬಂದಿದ್ದರು. ಹಿಂದೆ ಬಂದ ಸಂಬಂಧಗಳು ಒಂದಿಲ್ಲೊಂದು ನೆಪದಲ್ಲಿ ಮುರಿದಿದ್ದವು. ಈ ಸಲ ಹುಡುಗನಿಗೆ ಹುಡುಗಿ ಒಪ್ಪಿಗೆ, ಹುಡುಗಿಯಂತೂ ಬಾಗಿಲ ಸಂದಿಯಿಂದ ನೋಡಿಯೇ ಕೆಂಪಾಗಿದ್ದಳು. ಊಟವಾದ ಮೇಲೆ ತಾಂಬೂಲ ಬದಲಿಸುವುದೊಂದೇ ಬಾಕಿ. ನೀಲಮ್ಮ ನನ್ನನ್ನು ಹಿತ್ತಲಿಗೆ ಕರೆದು, “ನೀವು ಬರೇ ಹ್ಞೂಂ ಅನ್ರಿ, ಸಾಕು,” ಎಂದು ಮೊದಲೇ ಕಿವಿಯಲ್ಲಿ ಹೇಳಿದ್ದಳು.

ಊಟಕ್ಕೆ ಕೂತಾಗ, ನಾನು ಕಲ್ಲು ಕೂಡಿಹಾಕುವ ಸುದ್ದಿ ಕೇಳಿದ್ದ ಹುಡುಗನ ತಂದೆ ಮರ್ಯಾದೆಗೆಂದು ಒಂದು ಮಾತು ಕೇಳಿಬಿಟ್ಟರು. “ಆ ಕಲ್ಲಿನಾಗ ಅಂಥಾದ್ದೇನು ಕಾಣ್ತದ್ರಿ ನಿಮಗ?”

ನಾನು ಹ್ಞೂಂ ಎನ್ನಬೇಕಿತ್ತು. ಅನ್ನಲಿಲ್ಲ. ಅಷ್ಟರಲ್ಲಿ ತಾಟಿಗೆ ಬಿಸಿ ಜೋಳದ ರೊಟ್ಟಿ ಬಿತ್ತು, ಹೊಟ್ಟೆ ಉಬ್ಬಿಸಿಕೊಂಡು. ಅದನ್ನು ಎತ್ತಿ ಹಿಡಿದು, “ನೋಡ್ರಿ, ಇದು ಭೂಮಿ. ಒಳಗ ಕರಗಿದ ಕಲ್ಲು ತುಂಬಿ ಮ್ಯಾಲಿನ ಪದರ ಹಿಂಗ ಉಬ್ಬತದ,” ಎಂದೆ. ಬೆರಳಿನಿಂದ ಒಂದು ತೂತು ಮಾಡಿದೆ. ಹಬೆ ಹೋಯಿತು, ರೊಟ್ಟಿ ಮೆಲ್ಲಗೆ ಕುಸಿಯಿತು. “ಒಳಗಿನ ಕೋಣಿ ಖಾಲಿ ಆತಂದ್ರ ಮ್ಯಾಲಿಂದು ಪೂರಾ ಒಳಗ ಕೂಡತದ. ಇದಕ್ಕ ಕ್ಯಾಲ್ಡೆರಾ ಅಂತಾರ. ಒಂದು ಊರಿಗೆ ಊರೇ ಹೋಗಿಬಿಡ್ತದ್ರಿ. ಈಗ ನಾವು ಕುಂತದ್ದು ಅಂಥಾ ಬೆಂಕಿ ಹರಿದ ಜಾಗಾನೇ.”

ನಾನೊಬ್ಬನೇ ಖುಷಿಯಲ್ಲಿದ್ದೆ. ಹುಡುಗನ ತಾಯಿ ಅಮರಮ್ಮ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು. “ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕಲ್ರಿ. ನಮ್ಮ ಮೊಮ್ಮಗ ಈ ಬೆಂಕಿ ಮ್ಯಾಲ ಹುಟ್ಟಬೇಕೇನು?”

ಮಾವನವರು ನನ್ನ ಕಡೆ ನೋಡಿದರು. “ಅದು ಮತ್ತ ಏಳೂದಿಲ್ಲ ಅಂತ ಹೇಳ್ರಿ, ಅಳಿಯಾಂದ್ರ.”

ಏಳುವುದಿಲ್ಲ ಎಂದಷ್ಟೇ ಹೇಳಬೇಕಿತ್ತು. ಆದರೆ ನಮ್ಮ ವಿದ್ಯೆಯವರಿಗೆ ಯಾವುದನ್ನೂ ಖಂಡಿತ ಎಂದು ಹೇಳುವ ರೂಢಿಯಿಲ್ಲ. “ಸಾಧ್ಯತಾ ಭಾಳ ಕಡಿಮಿ,” ಎಂದುಬಿಟ್ಟೆ. ಬೀಗರು ಕೈ ತೊಳೆದರು, ಎಲೆಯಡಿಕೆ ಮುಟ್ಟದೆ ಬಸ್ಸಿಗೆ ಹೊರಟರು. ಗಿರಿಜಾ ಅಡುಗೆಮನೆಯಲ್ಲಿ ಒಲೆಗೆ ಮುಖ ಮಾಡಿ ಅಳುತ್ತಿದ್ದಳು. ಭೂಮಿ ಕುಸಿಯುವುದಾದರೆ ನಾನು ನಿಂತಷ್ಟು ಜಾಗವಾದರೂ ಕುಸಿಯಬಾರದೇ ಅನಿಸಿತು. ನಾನೇ ಮಾನ್ವಿಗೆ ಹೋಗಿ ತಿಳಿಸಿ ಹೇಳುತ್ತೇನೆ ಎಂದೆ. “ನೀವು ಹೋದ್ರ ಮಾನ್ವಿನೂ ಒಳಗ ಹೋಗತದ, ಸುಮ್ನ ಕೂಡ್ರಿ,” ಎಂದಳು ನೀಲಮ್ಮ. ಮಾವನವರೇ ಹೋಗಿ ಬಂದರು. ಏನು ಮಾತಾಡಿದರೋ ನನಗೆ ಹೇಳಲಿಲ್ಲ.

ಮುಂದಿನ ವಾರ ಅಮರಮ್ಮ ಗಂಡನೊಡನೆ ರಾಯಚೂರಿನ ನಮ್ಮ ಮನೆಗೇ ಬಂದರು. “ನಿಮ್ಮ ಕಲ್ಲು ನೋಡಬೇಕಂತ ಬಂದೀವ್ರಿ,” ಎಂದರು. ನನ್ನ ಕಲ್ಲು ನೋಡಲೆಂದೇ ಮನೆಗೆ ಬಂದವರು ಅದುವರೆಗೆ ಯಾರೂ ಇರಲಿಲ್ಲ. ಮಂಚದ ಕೆಳಗೆ ತೂರಿ, ಹಳೇ ಪೇಪರಿನಲ್ಲಿ ಸುತ್ತಿಟ್ಟಿದ್ದ ಒಂದೊಂದನ್ನೂ ಬಿಚ್ಚಿ ತೋರಿಸಿದೆ. ಕಲ್ಲು ಒದ್ದೆಯಾದರೆ ಒಳಗಿನ ಹರಳು ನಿಚ್ಚಳ ಕಾಣುತ್ತದೆ. ಗುಡ್ಡದಲ್ಲಿ ನೀರು ಹುಡುಕುವವರು ಯಾರು, ನಾವು ನೆಕ್ಕಿಯೇ ನೋಡುವುದು. ಅದೇ ಅಭ್ಯಾಸದಲ್ಲಿ ಒಂದನ್ನು ಚೆನ್ನಾಗಿ ನೆಕ್ಕಿ ಅವರ ಮುಂದೆ ಹಿಡಿದೆ. ದಂಪತಿಗಳು ಪರಸ್ಪರ ಮುಖ ನೋಡಿಕೊಂಡರು. ಹೊರಡುವಾಗ ಅಮರಮ್ಮ ನೀಲಮ್ಮನ ಕೈ ಹಿಡಿದು, “ದೇವರು ಅದಾನ, ಧೈರ್ಯ ಬಿಡಬ್ಯಾಡವ್ವಾ,” ಎಂದರು. ಅದೇ ವಾರ ತಾಂಬೂಲ ಬದಲಾಯಿತು.

ನಾನು ಎದೆ ಉಬ್ಬಿಸಿ, ಕಣ್ಣಾರೆ ಕಂಡ ಮೇಲೆ ವಿಜ್ಞಾನವನ್ನು ಯಾರಾದರೂ ಒಪ್ಪಲೇಬೇಕು ಎಂದು ಮನೆತುಂಬ ಓಡಾಡಿದೆ. ತಡೆಯಲಾರದೆ ನೀಲಮ್ಮ ಹೇಳಿದಳು. “ನಮ್ಮಪ್ಪ ಅವರಿಗೆ ಏನಂದಾನ ಗೊತ್ತೇನು? ನಮ್ಮ ಅಳಿಯಗ ಓದಿ ಓದಿ ತಲಿ ಕೆಟ್ಟದ, ಕಲ್ಲು ಕಂಡಲ್ಲೆಲ್ಲ ಬೆಂಕಿ ಕಾಣ್ತದ, ಬೇಕಾದ್ರ ಮನಿಗೆ ಹೋಗಿ ನೋಡ್ರಿ ಅಂದಾನ.” ಈಗಲೇ ಹೋಗಿ ನಿಜ ಹೇಳುತ್ತೇನೆಂದು ಚಪ್ಪಲಿ ಮೆಟ್ಟಿದೆ. ಗಿರಿಜಾಳ ನೆನಪಾಯಿತು. ಬಿಚ್ಚಿದೆ.

ಮದುವೆಯಾಯಿತು. ಚೊಚ್ಚಲ ಹೆರಿಗೆ ಜಾಲಹಳ್ಳಿಯಲ್ಲೇ ಸುಸೂತ್ರವಾಯಿತು. ತೊಟ್ಟಿಲ ದಿನ ಅಮರಮ್ಮ ನನ್ನ ತಾಟಿಗೆ ತಾವೇ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ಮಕ್ಕಳಿಗೆ ಹೇಳುವಂತೆ ಒಂದೊಂದೇ ಮಾತು ಬಿಡಿಸಿ ಕೇಳಿದರು. “ಈಗ... ಹೆಂಗ... ಅದೀರ್ರೀ?”

ಗಿರಿಜಾ ಕೂಸನ್ನು ಎದೆಗವಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

“ಆರಾಮ ಅದೀನ್ರಿ,” ಎಂದೆ. “ಗುಳಿಗಿ ತಗೊಳ್ಳಾಕತ್ತೀನಿ.”