ಒಂಟಿ ಮಂಚದ ಕೋಣೆ

ಆಲ್ಫೋನ್ಸ್ ನಾಲ್ಕು ರಾತ್ರಿಯಿಂದ ನಿದ್ದೆಗೆಟ್ಟಿದ್ದಕ್ಕೆ ಒಂದೇ ಕಾರಣ, ರೂಪರ್ಟನ ಮೂಗು.

ಆಲ್ಫೋನ್ಸ್, ರೂಪರ್ಟ್, ವೆಂಡೆಲಿನ್ ಮೂವರೂ ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷ ಒಟ್ಟಿಗೆ ದುಡಿದು ನಿವೃತ್ತರಾದವರು. ಪಾಸೌನಿಂದ ವಿಯೆನ್ನಾದವರೆಗೆ ಡಾನ್ಯೂಬ್ ನದಿಯ ದಂಡೆ ಹಿಡಿದು ಸೈಕಲ್ ತುಳಿಯೋಣವೆಂದು ಹೊರಟಿದ್ದರು. ದಾರಿಯ ಪ್ರತಿಯೊಂದು ಊರಿನಲ್ಲೂ ಎರಡು ಕೋಣೆ ಹಿಡಿದಿದ್ದರು, ಒಂದು ಇಬ್ಬರಿಗೆ, ಇನ್ನೊಂದು ಒಬ್ಬರಿಗೆ. ಒಂಟಿ ಕೋಣೆ ಯಾರಿಗೆಂದು ಜಗಳ ಬೇಡ, ಸಂಜೆ ಯಾರು ಮೊದಲು ಮುಟ್ಟುತ್ತಾರೋ ಅವರಿಗೆ ಎಂದು ವೆಂಡೆಲಿನ್ನೇ ಸೂಚಿಸಿದ್ದ. ಸೂಚಿಸದೆ ಏನು? ಬೆಟ್ಟದ ಊರುಗಳಿಗೆ ಕಾಗದ ಹಂಚಿ ಹಂಚಿ ಅವನ ಕಾಲು ಕಬ್ಬಿಣವಾಗಿತ್ತು. ಆಲ್ಫೋನ್ಸನದು ಕೌಂಟರಿನ ಹಿಂದೆ ಕೂತ ದೇಹ. ನಾಲ್ಕು ದಿನವೂ ಒಂಟಿ ಕೋಣೆಯ ಕೀಲಿಕೈ ವೆಂಡೆಲಿನ್‌ಗೆ, ರೂಪರ್ಟನ ಗೊರಕೆ ಆಲ್ಫೋನ್ಸನಿಗೆ.

ಐದನೆಯ ಬೆಳಿಗ್ಗೆ ಗ್ರೈನ್ ಊರಿನಲ್ಲಿ ತಿಂಡಿಗೆ ಕೂತಾಗ ರೂಪರ್ಟ್ ಬ್ರೆಡ್ಡಿಗೆ ಬೆಣ್ಣೆ ಬಳಿಯುತ್ತ ಕೇಳಿದ, "ನಿದ್ದೆ ಹೇಗಾಯ್ತಪ್ಪಾ?"

"ನಿಂಗೆ ಹೇಗಾಯ್ತು?"

"ನಂಗೇನು, ತಲೆ ಇಟ್ಟಿದ್ದಷ್ಟೇ ಗೊತ್ತು. ನೀನ್ಯಾಕೆ ರಾತ್ರಿಯೆಲ್ಲ ನನ್ನ ದಿಂಬು ಎಳೀತಿದ್ದೆ?"

"ನಿನ್ನ ಮೂಗಿನ ಮೇಲಿಡೋಣ ಅಂತ."

ರೂಪರ್ಟ್ ಹೊಟ್ಟೆ ಕುಲುಕಿಸಿ ನಕ್ಕ. ಇಷ್ಟು ಒಳ್ಳೆಯ ಮನುಷ್ಯನನ್ನು ಬೈಯುವುದಾದರೂ ಹೇಗೆ? ವೆಂಡೆಲಿನ್ ಆಗಲೇ ಹೊರಗೆ ಚಕ್ರದ ಗಾಳಿ ಒತ್ತಿ ನೋಡುತ್ತಿದ್ದ. ಇವತ್ತು ಆ ಕೀಲಿಕೈ ನನ್ನದೇ ಎಂದು ಆಲ್ಫೋನ್ಸ್ ಮನಸ್ಸಿನಲ್ಲೇ ಹಟ ತೊಟ್ಟ.

ತುಳಿದು ಗೆಲ್ಲುವುದು ಆಗದ ಮಾತು. ಆದರೆ ಆ ಸೀಮೆಯ ಗಂಡಸರು ಆಕಾಶವೇ ಕಳಚಿ ಬಿದ್ದರೂ ಮಧ್ಯಾಹ್ನದ ಬಿಸಿಯೂಟ ಬಿಟ್ಟು ಏಳುವವರಲ್ಲ. ಮೆಲ್ಕ್ ಊರಿನಲ್ಲಿ ಮೂವರೂ ಊಟಕ್ಕೆ ಕೂತರು. ಸೂಪು ಬಂತು, ಹಿಂದೆಯೇ ಹಂದಿಮಾಂಸ, ಕಡುಬು ಬರುವುದಿತ್ತು.

"ಹಿಂದಿನ ಚಕ್ರಕ್ಕೆ ಗಾಳಿ ಕಮ್ಮಿ ಇದೆ, ಹೊಡ್ಕೊಂಡು ಬಂದ್ಬಿಡ್ತೀನಿ," ಎಂದು ಆಲ್ಫೋನ್ಸ್ ಎದ್ದ.

"ಕಡುಬು ಆರೋಗುತ್ತೆ ಕಣೋ," ಅಂದ ರೂಪರ್ಟ್.

"ಆರೋದಾದ್ರೆ ನೀನೇ ತಿನ್ನು."

ಹೊರಗೆ ಬಂದವನೇ ಸೈಕಲ್ ಹತ್ತಿ ಹಿಂತಿರುಗಿ ನೋಡದೆ ತುಳಿದ. ಕಡುಬಿನ ವಾಸನೆ ಎರಡು ಮೈಲಿ ಅವನ ಮೂಗಿನಲ್ಲೇ ಇತ್ತು. ಎಡಕ್ಕೆ ನದಿ ಮಿನುಗುತ್ತಿತ್ತು, ಬಲಕ್ಕೆ ಏಪ್ರಿಕಾಟ್ ಮರಗಳು ಹಣ್ಣಿನ ಭಾರಕ್ಕೆ ಬಾಗಿದ್ದವು, ತಂಗಾಳಿ ಬೀಸುತ್ತಿತ್ತು. ನಾಲ್ಕು ರಾತ್ರಿ ನಿದ್ದೆಗೆಟ್ಟವನಿಗೆ ಇದಕ್ಕಿಂತ ಅಪಾಯದ ಜಾಗ ಬೇರೆ ಬೇಕೆ? ಕಣ್ಣು ತೂಗಿತು. ಬಿಟ್ಟು ನೋಡುವಷ್ಟರಲ್ಲಿ ಅವನು ಸೈಕಲ್ ಸಮೇತ ಯಾರದೋ ದ್ರಾಕ್ಷಿ ತೋಟದೊಳಗೆ ಬಳ್ಳಿಗೆ ಜೋತುಬಿದ್ದಿದ್ದ.

ತೋಟದ ಒಡತಿ ಕತ್ತರಿ ಹಿಡಿದು ಬಂದಳು. "ಕುಡಿಯೋದಾದ್ರೆ ವೈನ್ ಆಗೋ ತನಕ ಕಾಯ್ಬೇಕು ಸ್ವಾಮಿ. ಬಳ್ಳಿಗೇ ಬಾಯಿ ಹಾಕ್ತಾರಾ?"

"ತಪ್ಪಾಯ್ತಮ್ಮ. ನಿದ್ದೆ ಬಂದ್ಬಿಡ್ತು."

"ಬಂದಿರುತ್ತೆ. ತಗೊಳ್ಳಿ ಈ ದಾರ, ಬೀಳಿಸಿದ ಬಳ್ಳಿ ಕಟ್ಟಿ ಹೋಗಿ. ಹಾಗಲ್ಲ, ಗಂಟು ಸಡಿಲ ಇರ್ಬೇಕು. ನಿಮ್ಮನೇಲಿ ಯಾರೂ ಕಲಿಸಿಲ್ವಾ?"

ಗಂಟು ಆಕೆಯ ಮನಸ್ಸಿಗೆ ಬರಲು ಅರ್ಧ ಗಂಟೆ ಹಿಡಿಯಿತು. ಊಟ ತಪ್ಪಿಸಿ ಗಳಿಸಿದ್ದೆಲ್ಲ ಬಳ್ಳಿಯ ಪಾಲಾಯಿತು.

ಆ ರಾತ್ರಿ ತಂಗುವ ಊರು ಸ್ಪಿಟ್ಸ್, ಅದು ನದಿಯ ಆಚೆ ದಂಡೆಯಲ್ಲಿತ್ತು. ನಡುವೆ ಇಂಜಿನ್ನಿಲ್ಲದ ದೋಣಿ, ಮೇಲಿನ ಹಗ್ಗಕ್ಕೆ ಕಟ್ಟಿಕೊಂಡು ನೀರಿನ ಸೆಳೆತದಲ್ಲೇ ದಾಟುವಂಥದ್ದು. ಅಂಬಿಗ ಪೇಪರ್ ಓದುತ್ತ ಕೂತಿದ್ದ.

"ಹೊರಡೋಣ್ವಾ?" ಅಂದ ಆಲ್ಫೋನ್ಸ್, ಏದುಸಿರು ಬಿಡುತ್ತ.

"ಒಬ್ಬರಿಗೆಲ್ಲ ದೋಣಿ ಬಿಡಲ್ಲ. ಇನ್ನೊಂದು ನಾಲ್ಕು ಜನ ಆಗ್ಲಿ."

ಅಷ್ಟರಲ್ಲಿ ದೂರದ ತಿರುವಿನಲ್ಲಿ ವೆಂಡೆಲಿನ್ನನ ಹಳದಿ ಅಂಗಿ ಕಾಣಿಸಿತು. ಆಲ್ಫೋನ್ಸ್ ಸುತ್ತಲೂ ಕಣ್ಣಾಡಿಸಿದ. ಪುಣ್ಯಕ್ಕೆ ಮರದ ನೆರಳಲ್ಲಿ ನಾಲ್ವರು ಅಜ್ಜಿಯರು ಬ್ಯಾಟರಿ ಸೈಕಲ್ ನಿಲ್ಲಿಸಿಕೊಂಡು ಏಪ್ರಿಕಾಟ್ ತಿನ್ನುತ್ತಿದ್ದರು.

"ಅಜ್ಜಿ, ಬನ್ನಿ, ದೋಣಿ ಹೊರಡ್ತಾ ಇದೆ."

"ಆ ಸೈಕಲ್ಲು ನಮ್ಮ ಕೈಲಿ ಎತ್ತೋಕಾಗಲ್ಲಪ್ಪ."

"ನಾನೆತ್ತುತ್ತೀನಿ."

ಒಂದೊಂದು ಸೈಕಲ್ಲೂ ಅಕ್ಕಿ ಮೂಟೆಯ ಭಾರ. ನಾಲ್ಕನ್ನೂ ಎತ್ತಿ ಇಡುವಷ್ಟರಲ್ಲಿ ಅವನ ಸೊಂಟ ಎಲ್ಲೋ ಕಳಚಿಕೊಂಡ ಹಾಗಾಯಿತು. ದೋಣಿ ದಂಡೆ ಬಿಟ್ಟು ಹತ್ತು ಮಾರು ಹೋಗಿರಬೇಕು, ವೆಂಡೆಲಿನ್ ನೀರಿನಂಚಿಗೆ ಬಂದು ಬ್ರೇಕ್ ಹಾಕಿದ.

"ಆಲ್ಫೋನ್ಸ್, ನಿನ್ನ ದಮ್ಮಯ್ಯ, ಆ ರೂಮು ಮಾತ್ರ ನಂಗೆ ಬಿಟ್ಕೊಡೋ. ನನ್ನ ಸೈಕಲ್ಲಿನ ಹೊಸ ಸೀಟು ನೀನಿಟ್ಕೋ."

ಆಲ್ಫೋನ್ಸ್ ಬೆಟ್ಟದ ಕಡೆ ಮುಖ ತಿರುಗಿಸಿದ.

"ನಿಮ್ಮನ್ನೇ ಕರೀತಿದ್ದಾರೆ," ಅಂದಳು ಒಬ್ಬ ಅಜ್ಜಿ.

"ನೀರಿನ ಸದ್ದಲ್ಲಿ ಏನೂ ಕೇಳಿಸ್ತಿಲ್ಲ ಅಜ್ಜಿ."

"ನಾನು ಕಿವುಡಿ. ನನಗೇ ಕೇಳಿಸ್ತಿದೆಯಲ್ಲಪ್ಪ."

ನಾಲ್ಕು ದಿನ ಗೆದ್ದವನಿಗೆ ಐದನೆಯದೂ ಬೇಕೆ? ಎಂಥ ಸ್ವಾರ್ಥಿ ಇವನು ಎಂದು ಆಲ್ಫೋನ್ಸನಿಗೆ ನಿಜಕ್ಕೂ ಸಿಟ್ಟು ಬಂತು. ಆಚೆ ದಂಡೆಯಲ್ಲಿ ನಾಲ್ಕೂ ಸೈಕಲ್ ಇಳಿಸಿ, ಅಜ್ಜಿಯರ ಆಶೀರ್ವಾದ ಪಡೆದು, ವಸತಿಗೃಹಕ್ಕೆ ನುಗ್ಗಿದ. ಯಜಮಾನಿ ಕೀಲಿಕೈ ಅವನ ಅಂಗೈಯಲ್ಲಿಟ್ಟಾಗ ಅದಕ್ಕೆ ಮುತ್ತಿಡುವುದೊಂದು ಬಾಕಿ. ಗಂಟೆ ಇನ್ನೂ ನಾಲ್ಕು. ಶೂ ಕಿತ್ತೆಸೆದು ಮೆತ್ತನೆಯ ಹಾಸಿಗೆಗೆ ಮೈ ಚೆಲ್ಲಿದ. ಇಂಥ ಸುಖವನ್ನು ಅವನು ನಿವೃತ್ತಿಯ ದಿನವೂ ಕಂಡಿರಲಿಲ್ಲ.

ಇನ್ನೇನು ಕಣ್ಣು ಹತ್ತಬೇಕು, ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಇಬ್ಬರೂ ಬಂದರು, ದಣಿದವರು ಮಾತಿಲ್ಲದೆ ಉರುಳಿಕೊಂಡರು. ಐದು ನಿಮಿಷಕ್ಕೆ ರೂಪರ್ಟನ ಗರಗಸ ಶುರುವಾಯಿತು. ಅನುಭವಿಸಲಿ ವೆಂಡೆಲಿನ್ ಎಂದು ಆಲ್ಫೋನ್ಸ್ ಹೊದಿಕೆಯೊಳಗೇ ನಕ್ಕ.

ಆಗ ಇನ್ನೊಂದು ಸದ್ದು ಎದ್ದಿತು. ಅದರ ಮುಂದೆ ರೂಪರ್ಟನದು ಜೋಗುಳ. ನಡುವಿನ ಹಲಗೆ ಗೋಡೆ ಅದುರಿತು, ಮೇಜಿನ ಮೇಲಿನ ಲೋಟ ಮೆಲ್ಲಗೆ ಅಂಚಿನ ಕಡೆ ನಡೆಯಿತು. ಒಬ್ಬ ನಿಲ್ಲಿಸಿದಲ್ಲಿ ಇನ್ನೊಬ್ಬ ಹಿಡಿಯುತ್ತಿದ್ದ. ಆಲ್ಫೋನ್ಸ್ ದಿಂಬನ್ನು ತಲೆಯ ಮೇಲೆ ಒತ್ತಿಕೊಂಡು ಊಟದ ಹೊತ್ತಿನವರೆಗೆ ಸೂರು ನೋಡುತ್ತ ಮಲಗಿದ.

ಊಟಕ್ಕೆ ವೆಂಡೆಲಿನ್ ಅಭ್ಯಂಜನ ಮುಗಿಸಿದವನ ಹಾಗೆ ಹೊಳೆಯುತ್ತ ಬಂದ. ಗ್ಲಾಸಿಗೆ ವೈನ್ ಸುರಿದು ತಲೆ ತಗ್ಗಿಸಿ ಹೇಳಿದ, "ನಿಮ್ಮಿಬ್ಬರಿಗೂ ಒಂದು ವಿಷಯ ಮುಚ್ಚಿಟ್ಟಿದ್ದೆ. ನನ್ನ ಗೊರಕೆ ತಡೀಲಾರದೆ ನಮ್ಮನೆಯವಳು ನನ್ನ ಇಪ್ಪತ್ತು ವರ್ಷದಿಂದ ಅಟ್ಟದ ಮೇಲೆ ಮಲಗಿಸ್ತಾಳೆ. ನಿಮಗೆ ಗೊತ್ತಾದ್ರೆ ಮಾನ ಹೋಗುತ್ತೆ, ನಿಮ್ಮ ನಿದ್ದೆನೂ ಹಾಳು ಅಂತ ದಿನಾ ಪ್ರಾಣ ಬಿಟ್ಕೊಂಡು ಮೊದಲು ಬರ್ತಿದ್ದೆ."

"ನಂಗೊಂದು ಚೂರೂ ಕೇಳಿಸ್ಲಿಲ್ಲ ಕಣಯ್ಯ," ಅಂದ ರೂಪರ್ಟ್.

"ಅದೇ ಮತ್ತೆ. ಇನ್ನು ಮೇಲೆ ಈ ಓಟ ಬೇಡ. ನಾವಿಬ್ಬರು ಜೊತೆಗಿರ್ತೀವಿ. ವಿಯೆನ್ನಾ ಮುಟ್ಟೋ ತನಕ ಒಂಟಿ ಕೋಣೆ ನಿಂದೇ ಆಲ್ಫೋನ್ಸ್."

ಆಲ್ಫೋನ್ಸ್ ತಟ್ಟೆ ಪಕ್ಕಕ್ಕೆ ಸರಿಸಿದ. "ನಂಗೆ ಬೇರೆ ಮಹಡೀಲಿ ಕೊಟ್ರೂ ನಡೆಯುತ್ತೆ. ಹಿತ್ತಿಲ ಕಡೆ ಆದ್ರೂ ಪರವಾಗಿಲ್ಲ."

"ಛೆ, ನಿನ್ನೊಬ್ಬನ್ನೇ ಎಲ್ಲೋ ದೂರ ಹಾಕ್ತೀವಾ?" ರೂಪರ್ಟ್ ಕೈಯಲ್ಲಿದ್ದ ಕಡುಬು ಕೆಳಗಿಟ್ಟ. "ಮುಂದಿನ ಊರುಗಳಿಗೆಲ್ಲ ಈಗಷ್ಟೇ ಫೋನ್ ಮಾಡಿ ಹೇಳಿದೀನಿ, ಅಕ್ಕಪಕ್ಕದ ಕೋಣೆನೇ ಬೇಕು ಅಂತ. ನಡುವೆ ಬಾಗಿಲಿದ್ರೆ ತೆರೆದೇ ಇಡಿ ಅಂದಿದೀನಿ."

ಆಲ್ಫೋನ್ಸನ ಕಣ್ಣು ತುಂಬಿ ಬಂತು. ಅವನಿಗೆ ನಮ್ಮ ಮೇಲೆ ಎಷ್ಟು ಪ್ರೀತಿ ನೋಡು ಎಂದು ವೆಂಡೆಲಿನ್ ರೂಪರ್ಟನಿಗೆ ಪಿಸುಗುಟ್ಟಿದ.