‘ದಯವಿಟ್ಟು ಕುಡಿಯಿರಿ’ ಎನ್ನುವ ಟ್ರೆಡ್‌ಮಿಲ್ಲಿಗೆ

ವ್ಯಸನಮುಕ್ತಿ ಕೇಂದ್ರದ ವ್ಯಾಯಾಮದ ಕೋಣೆಯಲ್ಲಿ, ತಾವು ಮಾತ್ರ ಕದಲದೆ ಉಳಿದವರನ್ನೆಲ್ಲ ಓಡಿಸುತ್ತಿರುವ ಮಾನ್ಯ ಟ್ರೆಡ್‌ಮಿಲ್ ಅವರೇ,

ತಮ್ಮ ಪಟ್ಟಿಗೆ, ಮೋಟರಿಗೆ, ಎರಡೂ ಕೈಹಿಡಿಗಳಿಗೆ ಪ್ರತ್ಯೇಕವಾಗಿ ನಮಸ್ಕಾರಗಳು. ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಹೆಂಡತಿ ತೀರಿಕೊಂಡ ಮೇಲೆ, ಅವಳು ಕೆಲಸದಿಂದ ಬರುತ್ತಿದ್ದ ಸಂಜೆ ಆರು ಗಂಟೆಯನ್ನು ಕಳೆಯಲು ಕುಡಿಯತೊಡಗಿದೆ. ಆಮೇಲೆ ಉಳಿದ ಗಂಟೆಗಳಿಗೆ ಬೇಜಾರಾಗಬಾರದೆಂದು ಅವಕ್ಕೂ ಕುಡಿದೆ. ಇಲ್ಲಿ ಸೇರಿದ ಮೇಲೆ, ಸಂಜೆ ಆರಕ್ಕೆ ದಿನಾ ಅರ್ಧ ಗಂಟೆ ನಡೆದರೆ ಕುಡಿಯುವ ಆಸೆ ಇಳಿಯುತ್ತದೆ, ತಲೆ ತಿಳಿಯಾಗುತ್ತದೆ ಎಂದು ಇಲ್ಲಿನ ಆಪ್ತಸಲಹೆಗಾರರು ನನ್ನನ್ನು ತಮಗೆ ಒಪ್ಪಿಸಿದರು.

ಹತ್ತನೇ ನಿಮಿಷಕ್ಕೆ ತಾವು ಬಲು ಸಿಹಿಯಾದ ಹೆಣ್ಣುದನಿಯಲ್ಲಿ, “ನೀವು ದಣಿದಿದ್ದೀರಿ. ದಯವಿಟ್ಟು ಕುಡಿಯಿರಿ” ಎಂದಿರಿ.

ತಮ್ಮನ್ನು ತಯಾರಿಸಿದವರು ‘ನೀರು’ ಎಂಬ ಎರಡಕ್ಷರವನ್ನು ಬಿಟ್ಟು ಉಳಿತಾಯ ಮಾಡಿದ್ದಾರೆಂದು ಬಲ್ಲೆ. ಆದರೂ ಇಂಥ ಕೋಣೆಯನ್ನೇ ಹುಡುಕಿ ಬಂದ ತಮ್ಮ ಸಮಯಪ್ರಜ್ಞೆ ಮೆಚ್ಚತಕ್ಕದ್ದು. ಇಪ್ಪತ್ತನೇ ನಿಮಿಷಕ್ಕೆ “ಇನ್ನೂ ಸ್ವಲ್ಪ ಕುಡಿಯಿರಿ” ಎಂದು ತಾವು ಒತ್ತಾಯಿಸಿದಾಗ, ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದ ನಿವೃತ್ತ ಬಸ್ ಡ್ರೈವರು, “ನನ್ನನ್ನ ಯಾರೂ ಇಷ್ಟು ಮರ್ಯಾದೆ ಕೊಟ್ಟು ಕುಡಿಯೋಕೆ ಕರೆದಿರಲಿಲ್ಲ ನೋಡಪ್ಪ” ಎಂದು ಪೆಡಲ್ ತಪ್ಪಿ ಬಿದ್ದರು. ಈಗ ತಾವು ಬಾಯಿ ತೆರೆದೊಡನೆ ನಾವು ಹನ್ನೊಂದು ಮಂದಿಯೂ “ಬೇಡಮ್ಮ, ಸಾಕು” ಎನ್ನುತ್ತೇವೆ. ಮೊದಲ ವಾರ ನನ್ನ ಬಾಯಿಂದ ‘ಬೇಡ’ದ ಬದಲು ಏದುಸಿರು ಮಾತ್ರ ಹೊರಡುತ್ತಿತ್ತು. ಮೊನ್ನೆ ಸ್ಪಷ್ಟವಾಗಿಯೇ ಹೇಳಿದೆ. ಹೇಳಿ ನಡೆಯುತ್ತಿದ್ದಾಗ, ನನ್ನ ಹೆಂಡತಿ ಯಾವಾಗಲೂ ನನಗಿಂತ ಎರಡು ಹೆಜ್ಜೆ ಮುಂದೆ ಹೋಗಿ, ತಿರುಗಿ, ಕಾಯುತ್ತಿದ್ದುದು ನೆನಪಾಯಿತು. ಕುಡಿದಾಗ ಅವಳು ಹೋದದ್ದಷ್ಟೇ ನೆನಪಾಗುತ್ತಿತ್ತು.

ಸೋಮವಾರ ನಾನು ಮನೆಗೆ ಹೊರಡುತ್ತೇನೆ. ಅಲ್ಲಿ ಆರು ಗಂಟೆಗೆ ಅವಳ ಅಣ್ಣ ಬಾಟಲಿ ಹಿಡಿದು ಬಂದು, ತಂಗಿ ಹೋದ ದುಃಖಕ್ಕೆಂದು ತಮ್ಮ ‘ಕುಡಿಯಿರಿ’ಯನ್ನೇ ‘ದಯವಿಟ್ಟು’ ತೆಗೆದು ಹೇಳುತ್ತಾರೆ. ಆದಕಾರಣ ತಾವು ನನ್ನೊಂದಿಗೆ ಬಂದು ಬಾಗಿಲಿಗೆ ಅಡ್ಡ ಮಲಗಿ, ಭಾವ ಎಷ್ಟು ನಡೆದರೂ ಹೊಸ್ತಿಲು ಮುಟ್ಟದಂತೆ ನೋಡಿಕೊಳ್ಳಬೇಕಾಗಿ ವಿನಂತಿ. ವೇಗ ಮೂರು ಸಾಕು, ಅವರಿಗೆ ಮಂಡಿನೋವಿದೆ.

ತಮ್ಮ ವಿಶ್ವಾಸಿ,
ದಿನಾ ಅರ್ಧ ಗಂಟೆ ತಮ್ಮನ್ನು ತುಳಿದವನು

ವಿ.ಸೂ.: ಬಿಡುವಿಲ್ಲದಿದ್ದರೆ ಬರಬೇಡಿ. ನಿನ್ನೆ ಭಾವನಿಗೆ ಫೋನ್ ಮಾಡಿ, ಬಾಟಲಿ ಬಿಟ್ಟು ಬೂಟು ಹಾಕಿಕೊಂಡು ಬನ್ನಿ, ಆರು ಗಂಟೆಗೆ ರಸ್ತೆಯಲ್ಲೇ ಕಾಯುತ್ತೇನೆ ಎಂದೆ. “ನಡೆದು ಎಲ್ಲಿಗೆ ಹೋಗೋದು?” ಎಂದರು. ಅದು ನನಗೂ ಗೊತ್ತಿಲ್ಲ. ರಸ್ತೆಯಂತೂ ತಮ್ಮ ಹಾಗೆ ಅರ್ಧ ಗಂಟೆ ನಡೆಸಿ, ಹತ್ತಿದ ಜಾಗದಲ್ಲೇ ಇಳಿಸುವುದಿಲ್ಲ.